ಆರಿಸದೆ ಉಳಿದ ಉತ್ತರ: ಅಂತರ್ಜಾಲ ಅರ್ಜಿಗಳಲ್ಲಿ ಏಕ ಆಯ್ಕೆಯ ನಿಯಂತ್ರಣ ಕುರಿತು, ಬಾಗಲಕೋಟೆ ಜಿಲ್ಲೆಯ ಎರಡು ನಿದರ್ಶನಗಳೊಂದಿಗೆ

1. ವಿವಾದದ ನೆಲೆ

ಅಂತರ್ಜಾಲದ ಅರ್ಜಿಯಲ್ಲಿ ಹಲವು ಉತ್ತರಗಳ ಪೈಕಿ ಒಂದನ್ನೇ ಗುರುತಿಸಬೇಕಾದ ಕಡೆ ರೇಡಿಯೋ ಬಟನ್‌ಗಳ ಸಾಲು ಬರುತ್ತದೆ. ಪುಟ ತೆರೆದ ಗಳಿಗೆಯಲ್ಲಿ ಆ ಸಾಲು ಹೇಗಿರಬೇಕು? ಒಂದು ಬಟನ್ ಆಗಲೇ ಆಯ್ಕೆಯಾಗಿರಬೇಕೇ, ಎಲ್ಲವೂ ಖಾಲಿ ಇರಬೇಕೇ? ಬಳಕೆದಾರರ ಅನುಕೂಲದ ದೃಷ್ಟಿಯಿಂದ ಜಾಲತಾಣಗಳನ್ನು ಅಭ್ಯಸಿಸಿದವರಲ್ಲಿ ಪ್ರಮುಖರಾದ ಯಾಕೋಬ್ ನೀಲ್ಸನ್ 2004ರ ಲೇಖನವೊಂದರಲ್ಲಿ ಮೊದಲನೆಯ ಪಕ್ಷ ಹಿಡಿದರು. ಒಂದು ಆಯ್ಕೆ ಸದಾ ಜಾರಿಯಲ್ಲಿರುವುದೇ ರೇಡಿಯೋ ಬಟನ್‌ನ ಲಕ್ಷಣ, ಆದ್ದರಿಂದ ಖಾಲಿ ಸಾಲನ್ನು ತೋರಿಸುವುದೇ ತಪ್ಪು ಎಂಬುದು ಅವರ ನಿಲುವು. ಸವಲತ್ತು, ಪರಿಹಾರ, ಹಕ್ಕು ಇತ್ಯಾದಿಗಳನ್ನು ತೀರ್ಮಾನಿಸುವ ಅರ್ಜಿಗಳ ಮಟ್ಟಿಗೆ ಈ ನಿಲುವು ನಿಲ್ಲುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ.

ವಾದಕ್ಕೆ ಎರಡು ನಿದರ್ಶನಗಳನ್ನು ಆರಿಸಿಕೊಂಡಿದೆ: 2019ರ ಮಲಪ್ರಭಾ ಪ್ರವಾಹದ ನಂತರದ ಮನೆ ಹಾನಿಯ ವರ್ಗೀಕರಣ ಮತ್ತು ಇಳಕಲ್ ಸೀರೆಯ ನೇಕಾರಿಕೆ. ಇವುಗಳ ಸುತ್ತ ಚರ್ಚಿಸುವ ಅರ್ಜಿ ನಮೂನೆಗಳು ವಾದದ ಅನುಕೂಲಕ್ಕಾಗಿ ರಚಿಸಿಕೊಂಡವು. ಯಾವ ಇಲಾಖೆಯ ಜಾಲತಾಣದ ವಿಮರ್ಶೆಯೂ ಇಲ್ಲಿ ಉದ್ದೇಶವಲ್ಲ.

2. ಒಪ್ಪಿತ ಸಂಗತಿಗಳು

ಕೆಲವು ಸಂಗತಿಗಳಲ್ಲಿ ಭಿನ್ನಮತವಿಲ್ಲ. ಒಂದೇ ಅರ್ಜಿಯೊಳಗೆ ಒಂದೇ ನೇಮ್ ಹೊತ್ತ ರೇಡಿಯೋ ಬಟನ್‌ಗಳೆಲ್ಲ ಒಂದು ಗುಂಪು. ಒಂದನ್ನು ಒತ್ತಿದರೆ ಉಳಿದವು ತಾವಾಗಿಯೇ ಆರುತ್ತವೆ. ಇದಕ್ಕೆ ಸ್ಕ್ರಿಪ್ಟ್ ಬೇಡ, ಬ್ರೌಸರ್ ತಾನೇ ನೋಡಿಕೊಳ್ಳುತ್ತದೆ. ಚೆಕ್‌ಬಾಕ್ಸ್‌ನ ಹಾಗೆ ಎರಡನೆಯ ಸಲ ಒತ್ತಿ ಆಯ್ಕೆಯನ್ನು ಅಳಿಸಲು ಬರುವುದಿಲ್ಲ. ಯಾವುದನ್ನೂ ಆರಿಸದೆ ಅರ್ಜಿ ಸಲ್ಲಿಸಿದರೆ ಆ ಪ್ರಶ್ನೆಯ ನೇಮ್ ಸರ್ವರ್‌ಗೆ ಹೋಗುವುದೇ ಇಲ್ಲ. ಗುಂಪಿನ ಒಂದು ಬಟನ್‌ಗೆ ರಿಕ್ವಯರ್ಡ್ ಎಂಬ ಗುಣ ಕೊಟ್ಟರೆ ಇಡೀ ಗುಂಪಿಗೆ ಉತ್ತರ ಕಡ್ಡಾಯವಾಗುತ್ತದೆ. ಬಾಣದ ಕೀಲಿ ಒತ್ತಿದಂತೆಲ್ಲ ಆಯ್ಕೆ ಬಟನ್‌ನಿಂದ ಬಟನ್‌ಗೆ ಸರಿಯುವುದರಿಂದ, ಆಯ್ಕೆ ಬದಲಾದ ಕ್ಷಣವೇ ಪುಟವನ್ನು ಬೇರೆಡೆಗೆ ಒಯ್ಯುವ ಸ್ಕ್ರಿಪ್ಟ್ ಕೀಲಿಮಣೆಯನ್ನೇ ನೆಚ್ಚಿದ ಅಂಧ ಬಳಕೆದಾರರಿಗೆ ಕಂಟಕ. ಎಲ್ಲರಿಗೂ ಎಟಕುವ ಜಾಲಪುಟಗಳ ಕುರಿತ 2008ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಎಚ್ಚರಿಸಿದೆ.

3. ಮಾನದಂಡಗಳ ಸಾಕ್ಷ್ಯ

ನೀಲ್ಸನ್ ಹೇಳುವ ಲಕ್ಷಣಕ್ಕೆ ಆಧಾರವಿಲ್ಲದೆ ಇಲ್ಲ. ಟಿಮ್ ಬರ್ನರ್ಸ್-ಲೀ ಮತ್ತು ಡ್ಯಾನ್ ಕಾನಲಿ 1995ರ ನವೆಂಬರ್‌ನಲ್ಲಿ ಪ್ರಕಟಿಸಿದ ಎಚ್‌ಟಿಎಂಎಲ್ 2.0ರ ನಿರ್ದೇಶನದಲ್ಲಿ ಗುಂಪಿನ ಒಂದು ಬಟನ್ ಎಲ್ಲ ಕಾಲದಲ್ಲೂ ಆಯ್ಕೆಯಾಗಿರಬೇಕೆಂದಿದೆ. ಪುಟ ಬರೆದವನು ಯಾವುದನ್ನೂ ಗುರುತಿಸದಿದ್ದರೆ ಬ್ರೌಸರ್ ಮೊದಲನೆಯದನ್ನು ತಾನೇ ಆರಿಸತಕ್ಕದ್ದು. ಆದರೆ ಬ್ರೌಸರ್‌ಗಳು ಈ ಮಾತನ್ನು ಒಂದೇ ರೀತಿ ಪಾಲಿಸಲಿಲ್ಲ. 1999ರ ಡಿಸೆಂಬರ್‌ನ ಎಚ್‌ಟಿಎಂಎಲ್ 4.01 ಅದನ್ನು ಒಪ್ಪಿಕೊಂಡು, ಇಂಥ ಸಂದರ್ಭದಲ್ಲಿ ಬ್ರೌಸರ್ ಏನು ಮಾಡಬೇಕೆಂಬುದನ್ನು ಅನಿರ್ದಿಷ್ಟವಾಗಿ ಬಿಟ್ಟಿತು. ಪುಟ ಬರೆಯುವವರೇ ಒಂದನ್ನು ಆರಿಸಿಡಲಿ ಎಂದಿತು. 2014ರ ಅಕ್ಟೋಬರ್‌ನ ಎಚ್‌ಟಿಎಂಎಲ್ 5 ಇನ್ನೂ ಮುಂದೆ ಹೋಗಿ, ಬಳಕೆದಾರನೋ ಸ್ಕ್ರಿಪ್ಟೋ ಒಂದನ್ನು ಆರಿಸುವ ತನಕ ಎಲ್ಲ ಬಟನ್‌ಗಳೂ ಖಾಲಿ ಇರಬಹುದೆಂದು ವಿಧಿಸಿತು.

ಹೀಗೆ ಎರಡು ದಶಕಗಳೊಳಗೆ ಖಾಲಿ ಸ್ಥಿತಿ ನಿಷೇಧದಿಂದ ಅನಿಶ್ಚಯಕ್ಕೆ, ಅಲ್ಲಿಂದ ಮಾನ್ಯತೆಗೆ ಬಂದಿದೆ. ನೀಲ್ಸನ್ ಬರೆದದ್ದು ಎರಡನೆಯ ಘಟ್ಟದಲ್ಲಿ. ಅವರು ಲಕ್ಷಣವೆಂದು ಕರೆದದ್ದು ಮೊದಲ ಘಟ್ಟದ ನಿಯಮ. ಒಂದಕ್ಕಿಂತ ಹೆಚ್ಚು ಆಯ್ಕೆ ಇರಕೂಡದು ಎಂಬುದು ಮೂರೂ ಘಟ್ಟಗಳಲ್ಲಿ ಉಳಿದುಕೊಂಡಿದೆ. ಒಂದಾದರೂ ಇರಲೇಬೇಕು ಎಂಬುದು ಉಳಿದಿಲ್ಲ. ಲಕ್ಷಣವೆನ್ನುವುದಾದರೆ ಮೊದಲನೆಯದನ್ನು ಮಾತ್ರ ಹಾಗೆನ್ನಬೇಕು.

4. ಎ, ಬಿ, ಸಿ: ಮಲಪ್ರಭೆಯ ದಂಡೆಯ ಮನೆಗಳು

ಲಕ್ಷಣದ ವಾದ ಬಿದ್ದರೂ ಪ್ರಯೋಜನದ ವಾದ ಉಳಿಯುತ್ತದೆ. ಮೊದಲೇ ಗುರುತಿಸಿದ ಉತ್ತರ ಕೆಲಸ ಹಗುರ ಮಾಡುತ್ತದೆ, ಸರತಿ ಬೇಗ ಸಾಗುತ್ತದೆ ಎನ್ನುತ್ತಾರೆ. ಇದನ್ನು ಒಂದು ನಿದರ್ಶನಕ್ಕೆ ಹಚ್ಚಿ ನೋಡೋಣ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ಪಟ್ಟದಕಲ್ಲಿನ ದೇವಾಲಯಗಳ ಆವರಣವೂ ಜಲಾವೃತವಾಯಿತು. ಹಾನಿಗೊಂಡ ಮನೆಗಳನ್ನು ಸರ್ಕಾರ ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ತಿ ಬಿದ್ದ ಎ ವರ್ಗದ ಮನೆಗೆ 5 ಲಕ್ಷ ರೂಪಾಯಿ; ಅಲ್ಪಸ್ವಲ್ಪ ಕೆಟ್ಟ ಸಿ ವರ್ಗದ ಮನೆಗೆ 50 ಸಾವಿರ. ಒಂದು ಮನೆಗೆ ಒಂದೇ ವರ್ಗ. ಹೀಗಾಗಿ ಇದು ಏಕ ಆಯ್ಕೆಯ ಅಪ್ಪಟ ಮಾದರಿ.

ಈ ಪ್ರಶ್ನೆಯನ್ನು 1995ರ ನಿಯಮದಂತೆ ಪರದೆಗೆ ತಂದರೆ ಪಟ್ಟಿಯ ಮೊದಲನೆಯದಾದ ಎ ತಾನಾಗಿಯೇ ಆಯ್ಕೆಯಾಗುತ್ತದೆ. ಬೊಕ್ಕಸದ ಮೇಲೆ ಕಣ್ಣಿಟ್ಟು ಪಟ್ಟಿಯನ್ನು ತಿರುವಿ ಹಾಕಿದರೆ ಸಿ ಆಯ್ಕೆಯಾಗುತ್ತದೆ. ಯಾರೂ ಯಾವ ಆದೇಶವನ್ನೂ ಹೊರಡಿಸದೆ, ಪಟ್ಟಿಯ ಕ್ರಮವೊಂದೇ ನಾಲ್ಕೂವರೆ ಲಕ್ಷ ರೂಪಾಯಿಯ ವ್ಯತ್ಯಾಸವನ್ನು ತೀರ್ಮಾನಿಸಿಬಿಡುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಈ ಭಾಗದ ಮಣ್ಣಿನ ಗೋಡೆಯ ಮನೆ ನೀರು ನಿಂತಾಗ ನೆಟ್ಟಗಿದ್ದು, ನೀರು ಇಳಿದು ಬಿಸಿಲು ಬಿದ್ದ ಮೇಲೆ ಕುಸಿಯುವುದುಂಟು. ಅಳತೆಗೆ ಹೋದ ದಿನ ಅದು ಸಿ. ವಾರ ಕಳೆದರೆ ಎ. ಇಂಥ ಮನೆಯ ಮುಂದೆ ನಿಂತ ಸಿಬ್ಬಂದಿಗೆ ಆ ದಿನದ ಪ್ರಾಮಾಣಿಕ ಉತ್ತರ ‘ಇನ್ನೂ ತೀರ್ಮಾನವಾಗಿಲ್ಲ’ ಎಂಬುದೇ. ಖಾಲಿ ಸ್ಥಿತಿ ಇಲ್ಲಿ ಸತ್ಯವನ್ನೇ ಹೇಳುತ್ತದೆ.

ತಾಂತ್ರಿಕವಾಗಿಯೂ ಪೂರ್ವಾಯ್ಕೆಯ ನಷ್ಟ ದೊಡ್ಡದು. ಖಾಲಿ ಗುಂಪಿಗೆ ರಿಕ್ವಯರ್ಡ್ ಕೊಟ್ಟಾಗ, ಮರೆತು ಮುಂದೆ ಹೋದವರನ್ನು ಬ್ರೌಸರ್ ತಡೆದು ನಿಲ್ಲಿಸುತ್ತದೆ. ಪೂರ್ವಾಯ್ಕೆ ಇಟ್ಟ ಕೂಡಲೇ ಆ ಕಾವಲು ಇದ್ದೂ ಇಲ್ಲದಂತೆ, ಏಕೆಂದರೆ ಷರತ್ತು ಮೊದಲ ಕ್ಷಣದಿಂದಲೇ ಪೂರೈಸಿರುತ್ತದೆ. ಮುಂದೆ ತಕರಾರು ಬಂದು ದಾಖಲೆ ತೆಗೆದು ನೋಡಿದರೆ, ಯೋಚಿಸಿ ಒತ್ತಿದ ಸಿ ಯಾವುದು, ಕಣ್ತಪ್ಪಿ ಉಳಿದ ಸಿ ಯಾವುದು ಎಂದು ಸರ್ವರ್ ಹೇಳಲಾರದು. ಎರಡೂ ಒಂದೇ ಅಕ್ಷರವಾಗಿ ಬಂದು ಕುಳಿತಿರುತ್ತವೆ.

5. ಆಕ್ಷೇಪಗಳು

ನೀಲ್ಸನ್‌ರ ಬಳಿ ಇದಕ್ಕೊಂದು ಉತ್ತರವಿದೆ. ಉತ್ತರಿಸದಿರುವ ಅವಕಾಶ ಬೇಕಿದ್ದರೆ ‘ಯಾವುದೂ ಅಲ್ಲ’ ಎಂಬ ಬಟನ್ ಸೇರಿಸಿ; ಸುಮ್ಮನಿರುವುದಕ್ಕಿಂತ ಒತ್ತಿ ಹೇಳುವುದು ಲೇಸು ಎನ್ನುತ್ತಾರೆ. ಬಟನ್ ಸೇರಿಸಬೇಕೆಂಬುದು ಸರಿಯೇ. ಒಮ್ಮೆ ಒತ್ತಿದ ಮೇಲೆ ಖಾಲಿ ಸ್ಥಿತಿಗೆ ಮರಳಲಾಗದು ಎಂಬ ತೊಡಕಿಗೂ ಅದು ಪರಿಹಾರ. ಆದರೆ ಆ ಬಟನ್ನನ್ನೇ ಮೊದಲಿಗೆ ಆರಿಸಿಟ್ಟರೆ ಹಳೆಯ ತೊಂದರೆ ಹೊಸ ಹೆಸರಿನಲ್ಲಿ ಮರಳುತ್ತದೆ. ‘ಗೊತ್ತಿಲ್ಲ’ ಎಂದು ಅರ್ಜಿದಾರ ಹೇಳಿದ್ದು ಬೇರೆ, ಅರ್ಜಿದಾರನನ್ನು ಯಾರೂ ಕೇಳದೇ ಇದ್ದದ್ದು ಬೇರೆ. ಮೊದಲನೆಯದು ಉತ್ತರ, ಎರಡನೆಯದು ಉತ್ತರದ ಅಭಾವ. ಎರಡನ್ನೂ ಒಂದೇ ಗುರುತಿನಲ್ಲಿ ಬರೆದಿಡುವ ದಾಖಲೆ ನಂಬಲರ್ಹವಲ್ಲ. ಬ್ರಿಟನ್ ಸರ್ಕಾರದ ವಿನ್ಯಾಸ ಮಾರ್ಗಸೂಚಿ ಈ ಎರಡನ್ನೂ ಬೇರ್ಪಡಿಸಿ ನೋಡಿದೆ: ‘ಗೊತ್ತಿಲ್ಲ’ ಇರಲಿ, ಪೂರ್ವಾಯ್ಕೆ ಬೇಡ ಎಂಬುದು ಅದರ ಸಲಹೆ.

ಎರಡನೆಯ ಆಕ್ಷೇಪ ವೇಗದ್ದು. ನಮ್ಮಲ್ಲಿ ಇದಕ್ಕೆ ಬೇರೊಂದು ಮುಖವಿದೆ. ಹುನಗುಂದದಲ್ಲಾಗಲಿ ಬಾದಾಮಿಯಲ್ಲಾಗಲಿ ಹಲವರು ಅರ್ಜಿಯನ್ನು ತಾವೇ ಹಾಕುವುದಿಲ್ಲ, ಆನ್‌ಲೈನ್ ಸೆಂಟರ್‌ನಲ್ಲಿ ಹಾಕಿಸುತ್ತಾರೆ. ಪರದೆ ಕಾಣುವುದು ಸೆಂಟರ್‌ನವರಿಗೆ. ಉತ್ತರ ಗೊತ್ತಿರುವುದು ಎದುರಿಗೆ ಕುಳಿತವರಿಗೆ. ಬಟನ್‌ಗಳು ಖಾಲಿ ಇದ್ದಾಗ ಸೆಂಟರ್‌ನವರು ತಲೆಯೆತ್ತಿ ‘ಮಗ್ಗ ನಿಮ್ದ ಐತೇನ್ರಿ, ಮಾಲಕರ್ದೇನ್ರಿ?’ ಎಂದು ಕೇಳಲೇಬೇಕಾಗುತ್ತದೆ. ಪೂರ್ವಾಯ್ಕೆ ಇದ್ದರೆ ಆ ಪ್ರಶ್ನೆ ಬಾಯಿಗೆ ಬರುವ ಕಾರಣವೇ ಇಲ್ಲ. ಉಳಿಯುವ ನಾಲ್ಕಾರು ಕ್ಷಣಗಳು ಸೆಂಟರ್‌ನವರವು, ತಪ್ಪಾದರೆ ಕಚೇರಿಗೆ ಅಲೆದಾಟ ಅರ್ಜಿದಾರರದು. ಪೂರ್ವಾಯ್ಕೆ ಎಷ್ಟು ಬಲವಾಗಿ ಅಂಟಿಕೊಳ್ಳುತ್ತದೆಂಬುದಕ್ಕೆ ಅಂಗದಾನದ ಒಪ್ಪಿಗೆ ಕುರಿತು ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ ಸಾಕ್ಷ್ಯ. ಸುಮ್ಮನಿದ್ದರೆ ಒಪ್ಪಿಗೆ ಎಂದು ಭಾವಿಸುವ ದೇಶಗಳಿಗೂ, ಸುಮ್ಮನಿದ್ದರೆ ನಿರಾಕರಣೆ ಎಂದು ಭಾವಿಸುವ ದೇಶಗಳಿಗೂ ಒಪ್ಪಿಗೆಯ ಪ್ರಮಾಣದಲ್ಲಿ ಭಾರಿ ಅಂತರ ಕಂಡುಬಂದಿತ್ತು.

ಮೂರನೆಯದು ಕಾನೂನಿನ ನೆಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ 6ನೆಯ ಪ್ರಕರಣ, ಸಮ್ಮತಿ ಸ್ಪಷ್ಟ ಕ್ರಿಯೆಯ ಮೂಲಕ ವ್ಯಕ್ತವಾಗಬೇಕೆನ್ನುತ್ತದೆ. ಇದನ್ನು ನನ್ನ ವಾದದ ಬೆಂಬಲಕ್ಕೆ ಪೂರ್ತಿಯಾಗಿ ಎಳೆಯುವುದು ಸಲ್ಲದು. ಸರ್ಕಾರಿ ಸೌಲಭ್ಯಗಳಿಗಾಗಿ ನಡೆಯುವ ದತ್ತಾಂಶ ಬಳಕೆಗೆ ಅದೇ ಕಾಯ್ದೆ ಬೇರೆ ದಾರಿಯನ್ನೂ ತೆರೆದಿದೆ. ಮೇಲಾಗಿ ಮನೆಯ ವರ್ಗ ಒಂದು ಸಂಗತಿ, ಸಮ್ಮತಿಯಲ್ಲ. ಒತ್ತದ ಬಟನ್ನನ್ನು ಒತ್ತಿದಂತೆ ಎಣಿಸಬಾರದೆಂಬ ತತ್ತ್ವವೊಂದೇ ಎರಡೂ ಕಡೆ ಸಮಾನ.

6. ಸ್ಕ್ರಿಪ್ಟ್‌ನ ಪಾಲು: ಇಳಕಲ್ ಸೀರೆಯ ಪರೀಕ್ಷೆ

ಖಾಲಿ ಸ್ಥಿತಿ ಮಾನ್ಯವೆಂದಾದರೆ ಅದನ್ನು ಕಾಯುವುದು ಸ್ಕ್ರಿಪ್ಟ್‌ನ ಹೊಣೆ. ಇದರಲ್ಲಿ ಅದು ಎಡವುವುದು ಮುಖ್ಯವಾಗಿ ಮೂರು ಕಡೆ.

ಮೊದಲನೆಯದು ಸದ್ದಿಲ್ಲದ ಆಯ್ಕೆ. ಕೈಯಿಂದ ಒತ್ತಿದಾಗ ಬ್ರೌಸರ್ ಚೇಂಜ್ ಎಂಬ ಸೂಚನೆ ಹೊರಡಿಸುತ್ತದೆ. ಸ್ಕ್ರಿಪ್ಟ್ ಚೆಕ್ಡ್ ಎಂಬ ಗುಣವನ್ನು ಟ್ರೂ ಎಂದು ಬದಲಿಸಿದಾಗ ಆ ಸೂಚನೆ ಹೊರಡುವುದಿಲ್ಲ. ಬಟನ್ ತುಂಬಿದಂತೆ ಕಾಣುತ್ತದೆ. ಅದನ್ನು ಅವಲಂಬಿಸಿದ ಮುಂದಿನ ಪ್ರಶ್ನೆಗಳು ಮಾತ್ರ ಹಳೆಯ ಉತ್ತರಕ್ಕೇ ಅಂಟಿಕೊಂಡಿರುತ್ತವೆ.

ಎರಡನೆಯದು ಬಚ್ಚಿಟ್ಟ ಆಯ್ಕೆ. 2020ರಲ್ಲಿ ಆರಂಭವಾದ ನೇಕಾರ ಸಮ್ಮಾನ್ ಯೋಜನೆಯಲ್ಲಿ ಕೈಮಗ್ಗ ನೇಕಾರರ ಖಾತೆಗೆ ವರ್ಷಕ್ಕೆ 2,000 ರೂಪಾಯಿ ನೇರ ಜಮೆಯಾಗುತ್ತಿತ್ತು. ಮೊತ್ತ ಬಳಿಕ 5,000ಕ್ಕೆ ಏರಿತು. ಇಂಥ ಯೋಜನೆಗೆ ಕೈಮಗ್ಗವೋ ವಿದ್ಯುತ್ ಮಗ್ಗವೋ ಎಂಬುದೇ ನಿರ್ಣಾಯಕ ಪ್ರಶ್ನೆ. ನಮ್ಮ ಮಾದರಿ ನಮೂನೆಯಲ್ಲಿ ‘ವಿದ್ಯುತ್ ಮಗ್ಗ’ ಎಂದಾಗ ಅಶ್ವಶಕ್ತಿಯ ಉಪಪ್ರಶ್ನೆ ತೆರೆದುಕೊಳ್ಳುತ್ತದೆಂದು ಇಟ್ಟುಕೊಳ್ಳಿ. ಅದಕ್ಕೆ ಉತ್ತರಿಸಿದ ಮೇಲೆ ಅರ್ಜಿದಾರ ತಿದ್ದಿಕೊಂಡು ‘ಕೈಮಗ್ಗ’ ಎನ್ನುತ್ತಾನೆ, ಉಪಪ್ರಶ್ನೆ ಮರೆಯಾಗುತ್ತದೆ. ಪರದೆಯಿಂದ ಮರೆಯಾದದ್ದು ಅರ್ಜಿಯಿಂದ ಮರೆಯಾಗಿಲ್ಲ. ಕಾಣದ ಬಟನ್‌ನ ಹಳೆಯ ಆಯ್ಕೆ ಸರ್ವರ್‌ಗೆ ಹೋಗಿ, ಕೈಮಗ್ಗಕ್ಕೆ ಅಶ್ವಶಕ್ತಿ ಅಂಟಿಸಿ, ಅರ್ಜಿಯನ್ನು ಸಂಶಯಕ್ಕೆ ಗುರಿಮಾಡುತ್ತದೆ. ಮರೆಮಾಡುವುದರ ಜೊತೆಗೆ ಆ ಉಪಪ್ರಶ್ನೆಯನ್ನು ಒಳಗೊಂಡ ಫೀಲ್ಡ್‌ಸೆಟ್ಟನ್ನು ಡಿಸೇಬಲ್ ಮಾಡಿದರೆ ಒಳಗಿನ ಯಾವ ಉತ್ತರವೂ ಹೊರಗೆ ಹೋಗದು. ಅರ್ಜಿದಾರ ಮತ್ತೆ ಮನಸ್ಸು ಬದಲಿಸಿದರೆ ಕೊಟ್ಟಿದ್ದ ಉತ್ತರ ಅಲ್ಲೇ ಇರುತ್ತದೆ.

ಮೂರನೆಯದು ನೇಮ್‌ನ ಗೊಂದಲ. ಮೊದಲು ಹುನಗುಂದ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಇಳಕಲ್‌ನ ಸೀರೆ ಇದಕ್ಕೆ ಒಳ್ಳೆಯ ಪರೀಕ್ಷೆ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಮೈಯ ಹಾಸು ಹತ್ತಿಯದು. ಅಂಚು ಮತ್ತು ಸೆರಗಿನ ಹಾಸು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಮೈಯ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸುತ್ತಾರೆ; ಟೋಪ್ ತೆನಿ ಸೆರಗಿನ ವೈಶಿಷ್ಟ್ಯ ನಿಂತಿರುವುದೇ ಈ ಜೋಡಣೆಯ ಮೇಲೆ. ಇಂಥ ಸೀರೆಗೆ ‘ನೂಲು ಯಾವುದು: ಹತ್ತಿ, ರೇಷ್ಮೆ, ಕೃತಕ ರೇಷ್ಮೆ’ ಎಂಬ ಒಂದೇ ಆಯ್ಕೆಯ ಪ್ರಶ್ನೆ ಹಾಕಿದರೆ ಯಾವ ಉತ್ತರವೂ ಪೂರ್ತಿ ನಿಜವಾಗದು. ಇದು ಪ್ರಶ್ನೆಯ ದೋಷ, ಸ್ಕ್ರಿಪ್ಟ್‌ನಿಂದ ನೀಗದು. ಮೈ, ಅಂಚು, ಸೆರಗು ಎಂದು ಮೂರು ಪ್ರಶ್ನೆ ಮಾಡಿದರೆ ಪ್ರತಿಯೊಂದಕ್ಕೂ ಒಂದೇ ಉತ್ತರ ಸರಿಹೊಂದುತ್ತದೆ. ಆದರೆ ಸ್ಕ್ರಿಪ್ಟ್ ಮೊದಲ ಸಾಲನ್ನು ನಕಲು ಮಾಡಿ ಉಳಿದೆರಡನ್ನು ಹುಟ್ಟಿಸುವಾಗ ನೇಮ್ ಬದಲಿಸಲು ಮರೆತರೆ ಮೂರೂ ಸಾಲು ಸೇರಿ ಒಂದೇ ಗುಂಪಾಗುತ್ತದೆ. ಸೆರಗಿಗೆ ರೇಷ್ಮೆ ಒತ್ತಿದೊಡನೆ ಮೈಗೆ ಒತ್ತಿದ ಹತ್ತಿ ಅಳಿಸಿಹೋಗುತ್ತದೆ. ಮನೆಯಲ್ಲಿ ಎರಡು ಮಗ್ಗಗಳಿದ್ದು ‘ಇನ್ನೊಂದು ಮಗ್ಗ ಸೇರಿಸಿ’ ಎಂದಾಗಲೂ ಇದೇ ಕಥೆ. ಪೂರ್ವಾಯ್ಕೆ ಇಲ್ಲದ, ರಿಕ್ವಯರ್ಡ್ ಇರುವ ನಮೂನೆಯಲ್ಲಿ ಪ್ರತಿ ಸಾಲಿಗೂ ಉತ್ತರ ಬಂದಿದೆಯೇ ಎಂದು ಸರ್ವರ್ ಎಣಿಸಿ ನೋಡಿದರೆ ಈ ದೋಷ ಮೊದಲ ಅರ್ಜಿಯಲ್ಲೇ ಹೊರಬೀಳುತ್ತದೆ.

7. ಸಮಾರೋಪ

ಇಷ್ಟರಿಂದ ನಾನು ತೆಗೆಯುವ ತೀರ್ಮಾನ ಹೀಗಿದೆ: ಉತ್ತರದ ಮೇಲೆ ಹಕ್ಕು ನಿಂತಿರುವ ಅರ್ಜಿಯಲ್ಲಿ ಅರ್ಜಿದಾರ ಹೇಳದ ಉತ್ತರವನ್ನು ಪುಟವೂ ಸ್ಕ್ರಿಪ್ಟೂ ಗುರುತಿಸಬಾರದು. ಇದಕ್ಕೆ ಮಿತಿಗಳಿವೆ. ಅಕ್ಷರದ ಗಾತ್ರ, ಪುಟದ ಭಾಷೆ ಮುಂತಾದ ಹೊಂದಾಣಿಕೆಗಳಲ್ಲಿ ಪೂರ್ವಾಯ್ಕೆ ನಿರಪಾಯಕಾರಿ. ಅಲ್ಲಿ ನೀಲ್ಸನ್‌ರ ಮಾತೇ ಸರಿ. ಅರ್ಜಿದಾರ ಹಿಂದೆ ತಾನೇ ಕೊಟ್ಟ ಉತ್ತರವನ್ನು ಮರಳಿ ತೋರಿಸುವುದು ಪೂರ್ವಾಯ್ಕೆಯಲ್ಲ, ನೆನಪು. ಆಧಾರ್ ಅಥವಾ ಪಡಿತರ ಚೀಟಿಯ ದಾಖಲೆಯಿಂದ ತುಂಬಿದ ಉತ್ತರ ಇವೆರಡರ ನಡುವಿನದು. ಅದನ್ನು ‘ದಾಖಲೆಯಲ್ಲಿರುವಂತೆ’ ಎಂದು ಪ್ರತ್ಯೇಕವಾಗಿ ತೋರಿಸಿ ಒಪ್ಪಿಗೆ ಪಡೆಯುವುದು ಸಾಕಾಗಬಹುದು.

ಒಂದು ಪ್ರಶ್ನೆ ಇತ್ಯರ್ಥವಾಗದೆ ಉಳಿದಿದೆ. ಬಟನ್‌ಗಳು ಖಾಲಿ ಇದ್ದಾಗ ಸೆಂಟರ್‌ನವರು ನಿಜಕ್ಕೂ ಕೇಳುತ್ತಾರೆಯೇ, ಇಲ್ಲವೇ ತಡೆ ದಾಟಲು ಕೈಗೆ ಸಿಕ್ಕದ್ದನ್ನು ಒತ್ತಿಬಿಡುತ್ತಾರೆಯೇ? ಎರಡನೆಯದೇ ರೂಢಿಯಾಗಿದ್ದರೆ ನನ್ನ ವಾದದ ಬಲ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಸೆಂಟರ್‌ಗಳಲ್ಲಿ ಕುಳಿತು ನಡೆಸುವ ಕ್ಷೇತ್ರಾಧ್ಯಯನ ಮಾತ್ರ ಇದನ್ನು ಬಗೆಹರಿಸೀತು. ಅಲ್ಲಿಯವರೆಗೆ ಅರ್ಜಿ ನಮೂನೆ ಸಿದ್ಧಪಡಿಸುವವರು ಮಾಡಬಹುದಾದದ್ದು ಇಷ್ಟು: ಬಟನ್‌ಗಳನ್ನು ಖಾಲಿ ಬಿಡಿ, ಉತ್ತರವನ್ನು ಕಡ್ಡಾಯ ಮಾಡಿ, ಸಲ್ಲಿಸುವ ಮುನ್ನ ಆರಿಸಿದ್ದನ್ನೆಲ್ಲ ಕನ್ನಡದಲ್ಲಿ ಮುದ್ರಿಸಿ ಅರ್ಜಿದಾರರ ಕೈಗೆ ಕೊಡಿ.