ಚಿಂದಿಯೊಳಗಿನ ಚರಿತ್ರೆ

ಹತ್ತಿ ಬೆಳೆಯುವ ಎರೆಭೂಮಿಯಾದ ರೋಣ, ನರಗುಂದ, ನೇಕಾರರ ಊರಾದ ಗಜೇಂದ್ರಗಡದ ಕಡೆ ಅರಿವೆಯ ಚೂರನ್ನೂ ಸುಮ್ಮನೆ ಎಸೆಯುವ ರೂಢಿ ಇರಲಿಲ್ಲ. ಅದು ಕೌದಿಯಾಗುತ್ತಿತ್ತು. ಅದರಲ್ಲೂ ಕೂಸಿನ ತೊಟ್ಟಿಲಿಗೆಂದು ಹೊಲಿಯುವ ಪುಟ್ಟ ಕೌದಿಯ ಕಟ್ಟುಪಾಡು ನೋಡಿ: ಹೊಸ ಬಟ್ಟೆ ಕೊಳ್ಳುವಂತಿಲ್ಲ, ಸವೆದ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಬಸ, ಅಜ್ಜನ ಧೋತರ, ಇಷ್ಟರಲ್ಲೇ ಬಣ್ಣ ಹೊಂದಿಸಬೇಕು. ಹೊಲಿಗೆಯೂ ಸಾದಾ. ಆದರೂ ಒಬ್ಬಾಕೆಯ ಕೌದಿ ಇನ್ನೊಬ್ಬಾಕೆಯದರಂತೆ ಇರದು. ಇದನ್ನು ಕಲೆಯೆನ್ನಲು ನಾವೇಕೆ ಹಿಂಜರಿದೆವೋ!

ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕೌದಿಗಳು ಅಮೆರಿಕದ ಪ್ರದರ್ಶನಗಳಿಗೂ ಹೋಗಿವೆ. ನಮ್ಮ ಕಡೆಯ ಹಳೆಯ ಕೌದಿ ಮಾತ್ರ ಸಿಗುವುದೇ ಅಪರೂಪ. ಹಾಸಿ, ಹೊದ್ದು, ಒಗೆದು ಜೀರ್ಣವಾದದ್ದು ಹೊಸ ಕೌದಿಯ ಒಳಪದರ ಸೇರುತ್ತದೆ. ಅಜ್ಜಿಯ ಕೈಗೆಲಸ ಕಾಣಬೇಕಾದರೆ ಮೊಮ್ಮಗಳ ಹೊಲಿಗೆ ಬಿಚ್ಚಬೇಕು.