ಹೆತ್ತ ಮಗುವನ್ನು ಒಪ್ಪಿಸಲು ಕಾನೂನಿನಲ್ಲೇ ದಾರಿ ಇದೆ

‘ಪೊದೆಯಲ್ಲಿ ನವಜಾತ ಶಿಶು ಪತ್ತೆ’. ಇಂಥ ಸುದ್ದಿಯ ಕೊನೆ ಸಾಲು ಯಾವಾಗಲೂ ಒಂದೇ: ಪ್ರಕರಣ ದಾಖಲಾಗಿದೆ. ನಾನೂ ಅಷ್ಟಕ್ಕೇ ನಿಲ್ಲಿಸಿದ್ದೇನೆ.

ಆ ಪ್ರಕರಣದ ಬೇರು ಇರುವುದು 1860ರಲ್ಲಿ. ಬ್ರಿಟಿಷರ ಕಾಲದ ಭಾರತೀಯ ದಂಡ ಸಂಹಿತೆಯ 317ನೇ ಕಲಂ, 12 ವರ್ಷದೊಳಗಿನ ಮಗುವನ್ನು ಬಿಟ್ಟುಹೋದ ಹೆತ್ತವರಿಗೆ 7 ವರ್ಷದವರೆಗೆ ಜೈಲು ಎಂದಿತು. ಸಾಕಲಾಗದವಳು ಏನು ಮಾಡಬೇಕೆಂದು ಹೇಳಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಶಿಕ್ಷೆ 93ನೇ ಕಲಂ ಆಗಿ ಉಳಿದಿದೆ.

ಈ ನಡುವೆ ಇನ್ನೊಂದು ದಾರಿಯೂ ಹುಟ್ಟಿತು. ಹೆಣ್ಣುಶಿಶು ಹತ್ಯೆ ತಡೆಯಲು ತಮಿಳುನಾಡು ಸರ್ಕಾರ 1992ರಲ್ಲಿ ಸೇಲಂನಲ್ಲಿ ತೊಟ್ಟಿಲು ಇಟ್ಟಿತು. ಇಡೀ ದೇಶಕ್ಕೆ ಅನ್ವಯಿಸುವ 2015ರ ಬಾಲನ್ಯಾಯ ಕಾಯ್ದೆ, ತನ್ನ 35ನೇ ಕಲಂನಲ್ಲಿ ಸ್ಪಷ್ಟವಾಗಿ ಬರೆದಿಟ್ಟಿತು: ಕೈಮೀರಿದ ಕಾರಣಕ್ಕೆ ಸಾಕಲಾಗದವರು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಸಮಿತಿ ವಿಚಾರಿಸಿ, ಬುದ್ಧಿಮಾತು ಹೇಳಿ, ಪತ್ರ ಬರೆಸಿಕೊಳ್ಳುತ್ತದೆ. ಮತ್ತೆ ಯೋಚಿಸಲು 2 ತಿಂಗಳು ಕೊಡುತ್ತದೆ.

ಸಮಿತಿ ಜಿಲ್ಲೆಗೊಂದು ಇರಲೇಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನವರಿಗೆ ಅದು ದಾವಣಗೆರೆ ಜಿಲ್ಲೆಯ ಸಮಿತಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೂ ಆಯಿತು, ದುಡ್ಡು ಬೀಳುವುದಿಲ್ಲ.

ಇನ್ನು ಮುಂದೆ ಇಂಥ ಸುದ್ದಿ ಬರೆದರೆ, ಕೊನೆ ಸಾಲಿನ ಕೆಳಗೆ ಈ ನಂಬರನ್ನೂ ಹಾಕುತ್ತೇನೆ.