ನಾಣ್ಯ ಒಂದೇ, ಬೊಕ್ಕಸ ಹಲವು



‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನೀವು ಕೇಳಿಯೇ ಇದ್ದೀರಿ. ಆದರೆ ಒಂದೇ ಹಾಸಿಗೆಯಲ್ಲಿ ಹನ್ನೊಂದು ಜನ ಮಲಗಬೇಕಾದರೆ ಯಾರು ಎಷ್ಟು ಕಾಲು ಚಾಚಬಹುದು? ಯೂರೋಪಿನ ರಾಷ್ಟ್ರಗಳು ಮೂರು ದಶಕಗಳಿಂದ ಉತ್ತರ ಹುಡುಕುತ್ತಿರುವ ಪ್ರಶ್ನೆ ಇದು.

1992ರ ಫೆಬ್ರವರಿ 7ರಂದು ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ನಗರದಲ್ಲಿ ಹನ್ನೆರಡು ರಾಷ್ಟ್ರಗಳು ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಅದರ ಫಲವಾಗಿ 1999ರಲ್ಲಿ ಹನ್ನೊಂದು ರಾಷ್ಟ್ರಗಳಿಗೆ ಯೂರೋ ಎಂಬ ಒಂದೇ ನಾಣ್ಯ ಬಂದಿತು. ನಾಣ್ಯ ಒಂದಾದರೂ ಬೊಕ್ಕಸಗಳು ಬೇರೆ ಬೇರೆಯಾಗಿಯೇ ಉಳಿದವು. ಒಬ್ಬರು ಮಿತಿಮೀರಿ ಸಾಲ ಮಾಡಿದರೆ ಅದರ ಬಿಸಿ ಎಲ್ಲರಿಗೂ ತಟ್ಟುವುದಲ್ಲವೇ? ಆದುದರಿಂದ ಮಾಸ್ಟ್ರಿಕ್ಟ್‌ನಲ್ಲೇ ಎರಡು ಗೆರೆಗಳನ್ನು ಎಳೆಯಲಾಗಿತ್ತು. ವರ್ಷದ ಕೊರತೆಯು ಒಟ್ಟು ದೇಶೀಯ ಉತ್ಪನ್ನದ ಶೇಕಡಾ 3ನ್ನೂ, ಸರ್ಕಾರದ ಒಟ್ಟು ಸಾಲವು ಶೇಕಡಾ 60ನ್ನೂ ಮೀರಕೂಡದು. 1997ರ ‘ಸ್ಥಿರತೆ ಮತ್ತು ಬೆಳವಣಿಗೆ ಒಪ್ಪಂದ’ವು ಇದಕ್ಕೆ ದಂಡದ ಭಯವನ್ನೂ ಸೇರಿಸಿತು. ಅದಕ್ಕಾಗಿ ಪಟ್ಟು ಹಿಡಿದಿದ್ದ ರಾಷ್ಟ್ರ ಜರ್ಮನಿ.

ಮುಂದೆ ಏನಾಯಿತು ನೋಡಿ. ಜರ್ಮನಿಯೇ ಗೆರೆ ದಾಟಿತು, ಫ್ರಾನ್ಸ್ ಕೂಡ ದಾಟಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು! 2003ರ ನವೆಂಬರಿನಲ್ಲಿ ಹಣಕಾಸು ಮಂತ್ರಿಗಳ ಸಭೆಯು ಅವೆರಡರ ಮೇಲಿನ ಕ್ರಮವನ್ನು ತಡೆಹಿಡಿಯಿತು; 2005ರಲ್ಲಿ ನಿಯಮವನ್ನೇ ಸಡಿಲಿಸಲಾಯಿತು. ಬಲಾಢ್ಯರಿಗೆ ತಾಗದ ನಿಯಮಕ್ಕೆ ಉಳಿದವರು ಏಕೆ ಅಂಜಿಯಾರು?

2001ರಲ್ಲಿ ಯೂರೋ ಬಳಗ ಸೇರಿದ್ದ ಗ್ರೀಸ್ ತನ್ನ ಕೊರತೆಯನ್ನು ಕಡಿಮೆ ಮಾಡಿ ತೋರಿಸುತ್ತಿತ್ತು. 2009ರಲ್ಲಿ ಗುಟ್ಟು ರಟ್ಟಾಯಿತು. ಆ ವರ್ಷದ ಕೊರತೆ ಶೇಕಡಾ 15ನ್ನು ಮೀರಿತ್ತೆಂದು ಕಡೆಗೆ ತಿಳಿಯಿತು. ಸ್ವಂತ ನಾಣ್ಯವಿಲ್ಲದ ದೇಶಕ್ಕೆ ಅಪಮೌಲ್ಯದ ದಾರಿಯೂ ಇರಲಿಲ್ಲ. ಸಂಬಳ, ಪಿಂಚಣಿಗಳಿಗೆ ಕತ್ತರಿ ಬಿತ್ತು. 2013ರ ವೇಳೆಗೆ ದುಡಿಯಬಯಸುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ.

ಗಾಬರಿಗೊಂಡ ಯೂರೋಪು 2011ರಲ್ಲಿ ನಿಯಮವನ್ನು ಬಿಗಿಗೊಳಿಸಿತು. ಮಿತಿ ಮೀರಿದ ಸಾಲದಲ್ಲಿ ಇಪ್ಪತ್ತನೆಯ ಒಂದು ಪಾಲನ್ನು ವರ್ಷವರ್ಷವೂ ಇಳಿಸಬೇಕೆಂದಿತು. ಇಟಲಿಯಂಥ ದೊಡ್ಡ ಸಾಲಗಾರನಿಗೆ ಇದು ಆಗದ ಮಾತು. 2016ರಲ್ಲಿ ಸ್ಪೇನ್, ಪೋರ್ಚುಗಲ್‌ಗಳು ತಪ್ಪಿತಸ್ಥರೆಂದು ತೀರ್ಮಾನವಾದರೂ ವಿಧಿಸಿದ ದಂಡ ಸೊನ್ನೆ!

ಕೊನೆಗೆ 2024ರ ಏಪ್ರಿಲ್‌ನಲ್ಲಿ ಹೊಸ ಸುಧಾರಣೆ ಜಾರಿಗೆ ಬಂದಿತು. 3 ಮತ್ತು 60ರ ಗೆರೆಗಳು ಹಾಗೆಯೇ ಉಳಿದವು. ಆದರೆ ಪ್ರತಿಯೊಂದು ರಾಷ್ಟ್ರವೂ ತನ್ನ ಸ್ಥಿತಿಗೆ ತಕ್ಕ ವೆಚ್ಚದ ಯೋಜನೆಯನ್ನು ರೂಪಿಸಬೇಕು. ಸಾಲ ಇಳಿಕೆಯ ಹಾದಿ ಹಿಡಿಯಲು ನಾಲ್ಕು ವರ್ಷಗಳ ಕಾಲಾವಕಾಶವಿದೆ. ಸುಧಾರಣೆ, ಹೂಡಿಕೆಗಳಿಗೆ ಮಾತು ಕೊಟ್ಟವರಿಗೆ ಏಳು ವರ್ಷ.

ನಮ್ಮಲ್ಲೂ ರೂಪಾಯಿ ಒಂದೇ, ರಾಜ್ಯಗಳ ಬೊಕ್ಕಸ ಹಲವು. 2002ರಲ್ಲಿ ಇಂಥ ಕಾಯಿದೆಯನ್ನು ಮೊದಲು ತಂದ ರಾಜ್ಯ ಕರ್ನಾಟಕ. ಅದರ ಮಿತಿಯೂ ಶೇಕಡಾ 3. ಮುಂದಿನ ಬಾರಿ ಬಜೆಟ್ ಸುದ್ದಿ ಓದುವಾಗ ಗೆರೆ ಎಲ್ಲಿದೆ ಎಂದಷ್ಟೇ ನೋಡಬೇಡಿ. ಅದನ್ನು ದಾಟಿದ ಬಲಶಾಲಿಯನ್ನು ತಡೆಯುವವರು ಯಾರು ಎಂದೂ ಕೇಳಿ.